ಲೋಟ ಎಷ್ಟು ದೂರ

ನನಗೆ ಜಪಾನಿ ಭಾಷೆಯನ್ನು ಹೇಳಿಕೊಟ್ಟ ಮೇಷ್ಟ್ರು ಕಳೆದ ಮಾಘಮಾಸದಲ್ಲಿ ತೀರಿಕೊಂಡರು. ಒಂದು ಲೋಟ ಕಾಫಿಯನ್ನು ಇನ್ನೊಬ್ಬರಿಂದ ಕೇಳಿ ಪಡೆಯಲು ಆ ಭಾಷೆಯಲ್ಲಿ ಎಷ್ಟು ಬಗೆಯ ಮಾತುಗಳಿವೆಯೋ ಅವಷ್ಟೂ ಅವರ ನಾಲಗೆಯ ತುದಿಯಲ್ಲಿದ್ದವು. ಜೊತೆಯಲ್ಲಿ ಆಡಿ ಬೆಳೆದವನನ್ನು ಕೇಳುವ ಬಗೆ ಬೇರೆ, ಹೋಟೆಲಿನವನನ್ನು ಕೇಳುವ ಬಗೆ ಬೇರೆ, ಮೇಲಧಿಕಾರಿಯ ಮನೆಗೆ ಹೋಗಿ ಕುಳಿತಾಗ ಅವರ ಹೆಂಡತಿಯನ್ನು ಕೇಳುವ ಬಗೆ ಬೇರೆ. ಆದರೆ ಲಕ್ಷ್ಮೀಪುರಂನ ತಮ್ಮ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಕಡೆಗೆ ಮುಖವನ್ನೂ ತಿರುಗಿಸದೆ, ತಮ್ಮ ಹೆಂಡತಿಯನ್ನು ಅವರು ಕೇಳುತ್ತಿದ್ದುದು ಒಂದೇ ಬಗೆಯಲ್ಲಿ.

“ಕಾಫಿ.”

ಅಷ್ಟೆ. ಹಿಂದೆ ಸಂಬೋಧನೆಯಿಲ್ಲ, ಮುಂದೆ ಕ್ರಿಯಾಪದವಿಲ್ಲ. ಅಮ್ಮ (ಶಿಷ್ಯರಾದ ನಾವೆಲ್ಲ ಅವರ ಹೆಂಡತಿಯನ್ನು ಹಾಗೆಯೇ ಕರೆಯುತ್ತಿದ್ದೆವು) ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಸಂಜೆಯ ಪಾಠವನ್ನೆಲ್ಲ ಕೇಳುತ್ತಿದ್ದರು. ಮುಂದಿನ ಕೋಣೆಯಲ್ಲಿ ಕುರ್ಚಿಗಳಿದ್ದರೂ ಅವರು ಬಂದು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಕಾಫಿಯ ತಟ್ಟೆ ಹಿಡಿದು ಬಂದವರು ನಮ್ಮನ್ನು ನೋಡಿ ಹೇಳಿದರು:

“ನಿಮಗೆಲ್ಲ ಅಷ್ಟುದ್ದುದ್ದ ಹೇಳಿಕೊಡ್ತಾರೆ ಕಣ್ರಮ್ಮ. ಸಾಯೋದ್ರೊಳಗೆ ಒಂದು ಸಲವಾದ್ರೂ ನನ್ನನ್ನ ಸರಿಯಾಗಿ ಕೇಳ್ತಾರಾ ಅಂತ ನಾನೂ ಕಾಯ್ತಾ ಇದ್ದೀನಿ.”

“ಬಹಳ ಕಾಯಬೇಕಾಗುತ್ತೆ,” ಎಂದರು ಮೇಷ್ಟ್ರು, ಹಲಗೆಯಿಂದ ಕಣ್ಣು ತೆಗೆಯದೆ.

“ಕಾಯ್ತೀನಿ ಬಿಡಿ. ನನಗೇನು ಬೇರೆ ಊರಿದ್ಯಾ?”

ನಾವು ನಕ್ಕೆವು. ಮೇಷ್ಟ್ರೂ ನಕ್ಕರು. ಅವರನ್ನು ಕುರಿತು ಬರೆಯಲು ಕುಳಿತಾಗಲೆಲ್ಲ ನನ್ನ ಮನಸ್ಸು ಅವರ ವಿದ್ಯೆಯ ಕಡೆಗೆ ಹೋಗುವ ಬದಲು ಆ ನಗೆಯ ಬಳಿಯಲ್ಲೇ ನಿಂತುಬಿಡುತ್ತದೆ.

ನಾನು ಅವರ ಮನೆಗೆ ಮೊದಲು ಹೋದದ್ದು ಪದವಿಯ ಫಲಿತಾಂಶ ಬಂದ ಮೇಲೆ. ನಮ್ಮದು ತಿ. ನರಸೀಪುರದ ಕಡೆಯ ಒಕ್ಕಲು ಮನೆತನ. ನಾನು ಚಿಕ್ಕವಳಿದ್ದಾಗಲೇ ಅಪ್ಪ ಮೈಸೂರಿಗೆ ಬಂದು, ರಾಜೀವನಗರದಲ್ಲಿ ಎರಡು ಕೋಣೆಯ ಮನೆ ಹಿಡಿದು, ಲಗೇಜ್ ಆಟೋ ಓಡಿಸಲು ತೊಡಗಿದ್ದರು. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡವಳು ನಾನೇ ಮೊದಲು. ಕಾಲೇಜಿಗೆ ಸೇರಿದ ಹೊಸತರಲ್ಲಿ ‘ಹಳೆಯ ಪುಸ್ತಕ’ ಎನ್ನುವುದನ್ನು ‘ಅಳೇ ಪುಸ್ತಕ’ ಎಂದು ನಗೆಗೀಡಾಗಿದ್ದೆ. ಅಂದಿನಿಂದ ಪ್ರತಿ ಪದದ ಬಾಗಿಲಲ್ಲೂ ಹಕಾರವಿದೆಯೇ ಎಂದು ತಡವಿ ನೋಡಿ ಮಾತಾಡುವುದನ್ನು ರೂಢಿಸಿಕೊಂಡೆ. ಅದರಿಂದ ಇನ್ನೊಂದು ಅನಾಹುತವಾಯಿತು. ಅವಸರದಲ್ಲಿ ಇಲ್ಲದ ಕಡೆಯಲ್ಲೂ ಹಕಾರವನ್ನು ಸೇರಿಸತೊಡಗಿದೆ. ನಮ್ಮ ಮನೆಯಲ್ಲಿ ದಿನವೂ ಎರಡು ಪಾವು ಹಕ್ಕಿ ಬೇಯಿಸುತ್ತಾರೆಂದು ಸಹಪಾಠಿಯೊಬ್ಬಳಿಗೆ ಹೇಳಿ, ಅವಳು ಬಹಳ ಹೊತ್ತು ನನ್ನನ್ನೇ ನೋಡುವಂತೆ ಮಾಡಿದ್ದೆ. ಆಮೇಲೆ ನಾನು ಕಂಡುಕೊಂಡ ಉಪಾಯವೆಂದರೆ, ಅಚ್ಚಾದ ಕನ್ನಡದಂತೆಯೇ ಮಾತಾಡುವುದು. ಮೇಷ್ಟ್ರ ಮನೆಯ ಹೊಸ್ತಿಲಾಚೆ ನಿಂತು ನಾನು ಆಡಿದ ಮೊದಲ ವಾಕ್ಯವನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದೆ.

“ಮಾನ್ಯರೇ, ನನಗೆ ಜಪಾನಿ ಭಾಷೆಯನ್ನು ಬೋಧಿಸಬೇಕೆಂದು ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.”

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. “ಇದು ರಜಾ ಚೀಟಿ ಆಯ್ತು. ಕಾರಣ ಬರೀಲಿಲ್ಲವಲ್ಲ. ಜ್ವರಾನೋ, ಮನೇಲಿ ಮದುವೇನೋ?”

ಒಳಗಿನಿಂದ ಹೆಣ್ಣುದನಿಯೊಂದು ಕಿಸಕ್ಕನೆ ನಕ್ಕಿತು.

“ನಿಮ್ಮ ಮನೇಲಿ ಉಪ್ಪು ಮುಗಿದ್ರೆ ಪಕ್ಕದ ಮನೆಯವರನ್ನ ಏನಂತ ಕೇಳ್ತೀರಿ?” ಎಂದು ಮೇಷ್ಟ್ರು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ‘ಅಕ್ಕೋ, ಒಸಿ ಉಪ್ಪು ಕೊಡಕ್ಕೋ’ ಎಂದು ಕೇಳುವವಳು ನಾನೇ. ಆದರೂ, “‘ಸ್ವಲ್ಪ ಉಪ್ಪನ್ನು ಕೊಡಿ’ ಎಂದು ಕೇಳುತ್ತೇವೆ ಸರ್,” ಎಂದೆ.

ಅವರು ನನ್ನನ್ನು ಕ್ಷಣಕಾಲ ನೋಡಿ, “ಸುಳ್ಳು,” ಎಂದರು. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. “ಇರಲಿ, ಒಳಗೆ ಬನ್ನಿ.”

ಹೆಂಡತಿಯೊಬ್ಬರನ್ನು ಬಿಟ್ಟು ಅವರು ಯಾರನ್ನೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಶಿಷ್ಯರು, ಹಾಲಿನವನು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಎಲ್ಲರೂ ‘ನೀವು’. ಮೆಟ್ಟಿಲಿಗೆ ಅಡ್ಡವಾಗಿ ಮಲಗಿದ್ದ ಬೀದಿನಾಯಿಗೆ “ಸ್ವಲ್ಪ ಆ ಕಡೆ ಹೋಗ್ತೀರಾ?” ಎಂದು ಹೇಳಿ, ಅದು ಏಳುವವರೆಗೆ ಚೀಲ ಹಿಡಿದು ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಂಬುತೋಳಿನ ಅಂಗಿ, ಅದರ ಗುಂಡಿಗಳೆಲ್ಲ ಹಾಕಿರಬೇಕು. ಬಿಟ್ಟ ಚಪ್ಪಲಿಗಳ ಮೂತಿ ಬೀದಿಯ ಕಡೆಗಿರಬೇಕು. ನಾವು ಅಡ್ಡಾದಿಡ್ಡಿ ಬಿಟ್ಟುಬಂದವನ್ನೂ ತಾವೇ ಬಗ್ಗಿ ಜೋಡಿಸುತ್ತಿದ್ದರು. ಫೋನಿನಲ್ಲಿ ಜಪಾನಿನವರು ಯಾರಾದರೂ ಸಿಕ್ಕರೆ, ಕಿವಿಗೆ ಫೋನನ್ನು ಒತ್ತಿಕೊಂಡೇ ಸೊಂಟದಿಂದ ಬಾಗಿ ಬಾಗಿ ಮಾತಾಡುತ್ತಿದ್ದರು.

“ಅವರಿಗೆ ಕಾಣಿಸುತ್ತೇನ್ರೀ?” ಎಂದು ಅಮ್ಮ ಬಾಗಿಲಿನಿಂದ ಕೇಳುತ್ತಿದ್ದರು.

“ಕೇಳಿಸುತ್ತೆ,” ಎನ್ನುತ್ತಿದ್ದರು ಮೇಷ್ಟ್ರು, ಫೋನಿಟ್ಟ ಮೇಲೆ. “ಬಾಗಿದ ಬೆನ್ನು ದನೀಲಿ ಕೇಳಿಸುತ್ತೆ.”

ಈ ಮರ್ಯಾದೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲವಂತೆ. ಪ್ರಾಯದಲ್ಲಿ ಅವರೊಬ್ಬ ಫಿಟ್ಟರ್. ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಹೊಸ ಯಂತ್ರಗಳ ತರಬೇತಿಗೆಂದು ಅವರನ್ನು ಜಪಾನಿಗೆ ಕಳುಹಿಸಿದರು. ಮದುವೆಯಾಗಿ ಇನ್ನೂ ವರ್ಷ ತುಂಬದ ಅಮ್ಮ ಇಲ್ಲಿಯೇ ಉಳಿದರು. ಅಲ್ಲಿ ಮೇಷ್ಟ್ರು ಭಾಷೆ ಕಲಿತದ್ದು ಎಣ್ಣೆಗೈಯ ಕಾರ್ಮಿಕರ ನಡುವೆ. ಅವರು ತಮ್ಮತಮ್ಮಲ್ಲಿ ‘ಕುರೇ, ಕುರೇ’, ಕೊಡು ಕೊಡು, ಎನ್ನುತ್ತಿದ್ದರು. ಸ್ಪ್ಯಾನರ್ ಕುರೇ, ಬೆಂಕಿಪೊಟ್ಟಣ ಕುರೇ. ಒಂದು ದಿನ ಕಾರ್ಖಾನೆಯ ಯಜಮಾನರೇ ಹೊಸ ನಕ್ಷೆಯೊಂದನ್ನು ಹಿಡಿದು ಬಂದರು. ಮೇಷ್ಟ್ರು ಉತ್ಸಾಹದಿಂದ ಕೈಚಾಚಿ, “ಮಿಸೆತೆ ಕುರೇ,” ಎಂದರು.

“ನಮ್ಮ ಮಾತಲ್ಲಿ ಹೇಳೋದಾದ್ರೆ, ‘ಎಲ್ಲಿ, ತೋರ್ಸಯ್ಯ’ ಅಂದ ಹಾಗಾಯ್ತು,” ಎಂದು ನಮಗೆ ವಿವರಿಸುತ್ತಿದ್ದರು. “ಯಜಮಾನರು ನಕ್ಕುಬಿಟ್ಟರು, ತೋರಿಸಿದರು. ಆದರೆ ನಮ್ಮ ಮೇಸ್ತ್ರಿ ಮುಖ ನೋಡಬೇಕಿತ್ತು ನೀವು. ಮಧ್ಯಾಹ್ನ ಆ ಮುದುಕರು ಟೋಪಿ ತೆಗೆದು ಯಜಮಾನರ ಕೋಣೆಗೆ ಹೋಗಿ, ನನ್ನ ಪರವಾಗಿ ತಲೆ ಬಗ್ಗಿಸಿ ಬಂದರಂತೆ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಮರೆತುಬಿಡ್ತಿದ್ದೆ.”

ಮರೆಯದೆ ಹೋದದ್ದರಿಂದ ಅವರು ಮುಂದೆ ದುಭಾಷಿಯಾದರು, ನಿವೃತ್ತಿಯ ನಂತರ ಮೇಷ್ಟ್ರಾದರು. ಮಾತಿನಲ್ಲಿ ಒಮ್ಮೆ ತಪ್ಪಿದವರಿಗೆ ಮಾತಿನ ಮೇಲಿರುವ ಕಾಳಜಿ ಎಂಥದೆಂದು ನನಗೆ ಗೊತ್ತಿತ್ತು. ಅವರ ಮುಂದೆ ನಾನು ಹೆಚ್ಚು ಹೆದರದೆ ಇರಲು ಅದೇ ಕಾರಣವಿರಬೇಕು.

ಅವರ ಪಾಠದ ಸಾಮಗ್ರಿ ಒಂದು ಸ್ಟೀಲ್ ಲೋಟ. ಅಮ್ಮನ ಅಡುಗೆಮನೆಯದೇ. ಅದನ್ನು ಮೇಜಿನ ಮೇಲೆ ನಮ್ಮ ಕೈಗೆ ತಾಗುವಷ್ಟು ಹತ್ತಿರ ಇಟ್ಟು, “ಇದನ್ನ ತಗೊಳ್ಳೋಕೆ ಏನು ಹೇಳಬೇಕು?” ಎಂದು ಕೇಳುವರು. ಏನೂ ಹೇಳಬೇಕಾಗಿಲ್ಲ, ಎತ್ತಿಕೊಳ್ಳಬಹುದು. ಆಮೇಲೆ ಲೋಟವನ್ನು ತುಸು ಹಿಂದಕ್ಕೆ ಸರಿಸುವರು. “ಈಗ?” ಈಗ ‘ಕುರೇ’ ಎಂದರಾಯಿತು, ಕೊಡು. ಇನ್ನೂ ಹಿಂದಕ್ಕೆ. ‘ಕುದಾಸಾಯ್’, ಕೊಡಿ. ಮತ್ತೂ ಹಿಂದಕ್ಕೆ. ‘ಮೊರಾಎಮಾಸ್ ಕಾ’, ನನಗೆ ಸಿಗಬಹುದೇ. ಮೇಜಿನ ಆಚೆಯ ತುದಿಯಲ್ಲಿ, ಹಲಗೆಯ ಬಳಿ, ‘ಇತಾದಾಕೆಮಾಸೆನ್ ಕಾ’, ತಮ್ಮಿಂದ ನಾನು ಪಡೆಯುವಂತಾಗಲಾರದೇ. ಲೋಟ ಕಿಟಕಿಯ ಮೇಲಕ್ಕೆ ಹೋದರೆ ಮಾತು ಇನ್ನೂ ಉದ್ದವಾಗಿ, ‘ಇತಾದಾಕೆನಾಯ್ ದೆಶೋ ಕಾ’ ಎಂದು, ಕೇಳುತ್ತಿದ್ದೇವೋ ಇಲ್ಲವೋ ಎಂಬ ಅನುಮಾನದಲ್ಲೇ ಮುಗಿಯುವುದು.

“ಲೋಟ ಎಷ್ಟು ದೂರವೋ ಮಾತು ಅಷ್ಟು ಉದ್ದ. ಇಷ್ಟೇ ವ್ಯಾಕರಣ,” ಎನ್ನುವರು.

ಕನ್ನಡದವರಿಗೆ ಈ ಭಾಷೆ ದೂರದ್ದಲ್ಲವೆಂಬುದು ಅವರ ದೃಢವಾದ ನಂಬಿಕೆ. ನಾವು ‘ಬರೆದು ಕೊಡಿ’, ‘ಹೇಳಿ ಕೊಡಿ’ ಎನ್ನುತ್ತೇವೆ. ಜಪಾನಿನವರೂ ಕೆಲಸವನ್ನು ಮೊದಲು ಹೇಳಿ, ಕೊಡುವುದನ್ನು ಅದರ ಬೆನ್ನಿಗೆ ಕಟ್ಟುತ್ತಾರೆ. ಆದರೆ ದೂರದವರನ್ನು ಕೇಳುವಾಗ ಕೊಡುವ ಮಾತನ್ನೇ ಬಿಟ್ಟು ಪಡೆಯುವ ಮಾತಿಗೆ ಬರುತ್ತಾರೆ. ‘ಇತಾದಾಕು’ ಎಂದರೆ ಪಡೆಯುವುದು. ಅದರ ಹಳೆಯ ಅರ್ಥ, ಕೊಟ್ಟದ್ದನ್ನು ತಲೆಯ ಮೇಲಿಟ್ಟುಕೊಳ್ಳುವುದು. ಇದನ್ನು ಹೇಳುವಾಗ ಮೇಷ್ಟ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ತಾಗಿಸಿ ತೋರಿಸುತ್ತಿದ್ದರು. “ದೇವಸ್ಥಾನದಲ್ಲಿ ಹೂವು ಕೊಟ್ಟರೆ ಏನು ಮಾಡ್ತೀರಿ? ಹಾಗೆ.”

ಒಮ್ಮೆ ನನ್ನ ಅಪ್ಪ ನನ್ನನ್ನು ಕರೆದೊಯ್ಯಲು ಲಗೇಜ್ ಆಟೋದಲ್ಲಿ ಬಂದರು. ಗೇಟಿನಾಚೆಯೇ ನಿಂತು, ಮೇಷ್ಟ್ರು ಹೊರಗೆ ಬಂದದ್ದೇ ಟವೆಲನ್ನು ಹೆಗಲಿಂದ ತೆಗೆದು ಕೈ ಮುಗಿದರು.

“ಬುದ್ಧೀ, ನಮ್ ಮಗೀಗೆ ಒಸಿ ಚೆಂದಾಗಿ ಏಳ್ಕೊಡಿ. ಅವಳ್ಗೆ ಏನೂ ತಿಳ್ಯಾಕಿಲ್ಲ.”

“ಹಾಗನ್ನಬೇಡಿ. ಒಳಗೆ ಬನ್ನಿ, ಕಾಫಿ ಕುಡೀರಿ.”

“ಇಲ್ಲೇ ಸರೋಗದೆ ಬುದ್ಧಿ. ಗಾಡಿ ಬುಟ್ಬುಟ್ಟು ಎಂಗೆ ಬರಾದು.”

ನಾನು ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿಕೊಂಡಿದ್ದೆ. ಮರುದಿನ ತರಗತಿಗೆ ಹೋದಾಗ ಹಲಗೆಯ ಮೇಲೆ ಜಪಾನಿಯ ‘ಚೊತ್ತೊ’ ಎಂದೂ ಅದರ ಪಕ್ಕದಲ್ಲಿ ‘ಒಸಿ’ ಎಂದೂ ಬರೆದಿತ್ತು. “‘ಸ್ವಲ್ಪ’ ಅಂದ್ರೆ ನೀವೆಲ್ಲ ಅಳತೆ ಅಂದ್ಕೋತಿದ್ದೀರಿ,” ಎಂದರು ಮೇಷ್ಟ್ರು. “ಒಸಿ ಬನ್ನಿ ಅಂದ್ರೆ ಅರ್ಧ ಬನ್ನಿ ಅಂತ ಅರ್ಥವೇ? ಕೇಳೋ ಮಾತಿನ ತೂಕ ಇಳಿಸೋದು ಅದು. ಜಪಾನಿನವರು ಬಾಯಿ ತೆಗೆದ್ರೆ ಮೊದಲು ಅದೇ. ನಿಮ್ಮಲ್ಲಿ ಎಷ್ಟು ಜನರ ಮನೇಲಿ ‘ಒಸಿ’ ಇದೆ?” ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ನನ್ನ ಕಡೆ ನೋಡದೆ ಪಾಠವನ್ನು ಮುಂದುವರಿಸಿದರು. ಅದು ಅವರು ನನಗೆ ತೋರಿದ ಮರ್ಯಾದೆ.

ಎಲ್ಲರೂ ಹೋದ ಮೇಲೆ, ಅಪ್ಪ ಕಂಡಕಂಡವರಿಗೆಲ್ಲ ‘ಬುದ್ಧಿ’ ಎನ್ನುವುದು ಮರ್ಯಾದೆಯೋ ಭಯವೋ ಎಂದು ನಾನು ಕೇಳಿದೆ. ಮೇಷ್ಟ್ರು ಹಲಗೆ ಒರೆಸುತ್ತಿದ್ದವರು ಕೈ ನಿಲ್ಲಿಸಿದರು.

“ಎದುರಿಗಿರೋರು ‘ಇಲ್ಲ’ ಅನ್ನೋಕೆ ಜಾಗ ಬಿಟ್ಟು ಕೇಳಿದ್ರೆ ಮರ್ಯಾದೆ. ‘ಇಲ್ಲ’ ಅಂದುಬಿಟ್ರೆ ನಮಗೆ ನಿಲ್ಲೋಕೆ ಜಾಗ ಇಲ್ಲ ಅಂತ ಕೇಳಿದ್ರೆ ಭಯ. ಎರಡೂ ಒಂದೇ ಥರ ಬಗ್ಗುತ್ತೆ. ನಿಮ್ಮಪ್ಪಂದು ಯಾವುದು ಅಂತ ನೀವೇ ನೋಡ್ಕೊಳ್ಳಬೇಕು.”

ಬಾಗಿಲಲ್ಲಿ ಅಮ್ಮ ಇದ್ದರು. “ಓಹೋ,” ಎಂದರು. “‘ಕಾಫಿ’ ಅಂತ ಒಂದು ಮಾತು ಎಸೆದ್ರೆ ‘ಇಲ್ಲ’ ಅನ್ನೋಕೆ ನನಗೆ ಜಾಗ ಎಲ್ಲಿಟ್ಟಿದ್ದೀರಿ?”

“ನೀನು ಯಾವತ್ತು ‘ಇಲ್ಲ’ ಅಂದಿದೀಯ?”

“ಅದನ್ನೇ ಹೇಳಿದ್ದು.”

ಮೇಷ್ಟ್ರು ಮೇಜಿನ ಮೇಲಿದ್ದ ಲೋಟವನ್ನು ತಮ್ಮ ಎದೆಯ ಹತ್ತಿರಕ್ಕೆ ಎಳೆದುಕೊಂಡು, “ಇಷ್ಟು ಹತ್ತಿರ ಇದ್ರೆ ಏನು ಕೇಳೋದು?” ಎಂದರು. ವ್ಯಾಕರಣದ ಪ್ರಕಾರ ಅದು ಸರಿಯಾಗಿಯೇ ಇತ್ತು. ಅಮ್ಮ ಲೋಟವನ್ನೂ ಅವರನ್ನೂ ನೋಡಿ, “ಹತ್ತಿರ ಇದ್ದೋರಿಗೂ ಕಿವಿ ಇರುತ್ತೆ ಕಣ್ರೀ,” ಎಂದು ಒಳಗೆ ಹೋದರು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ನಾನು ಆ ರಾತ್ರಿ ಬಸ್ಸಿನಲ್ಲಿ ಯೋಚಿಸಿದೆ. ಇಂದಿಗೂ ತೀರ್ಮಾನಕ್ಕೆ ಬಂದಿಲ್ಲ.

ಮುಂದೆ ನನಗೆ ಹೂಟಗಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಜಪಾನಿ ಕಾಗದಪತ್ರಗಳನ್ನು ಅನುವಾದಿಸುವ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ಮೇಷ್ಟ್ರ ಮನೆಗೆ ಹೋಗಿಬರುವುದನ್ನು ಬಿಡಲಿಲ್ಲ. ಕೆಲಸ ಸಿಕ್ಕ ಮರುವರ್ಷದ ದಸರಾ ಕಳೆದ ಕೆಲವು ದಿನಗಳಿಗೆ, ಅವರು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಿದ್ದರೆಂದು ಅಮ್ಮ ಫೋನ್ ಮಾಡಿದರು. ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಬಲಗೈ ಸೋತಿತ್ತು. ಮಾತು ನಿಂತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತಿನ ಚಿಕಿತ್ಸೆ ನೀಡುವ ಯುವತಿಯೊಬ್ಬಳು ಬರತೊಡಗಿದಳು. ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಹೆಸರು ಕೇಳುತ್ತಿದ್ದಳು. ಬಾಚಣಿಗೆ, ಬೀಗದ ಕೈ, ಲೋಟ. ಮೇಷ್ಟ್ರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಬಾಚಣಿಗೆಯನ್ನು ನೋಡಿ ತಲೆಯನ್ನು ಮುಟ್ಟಿಕೊಳ್ಳುತ್ತಿದ್ದರು. ಹೆಸರು ಮಾತ್ರ ಬರುತ್ತಿರಲಿಲ್ಲ. “ಅದು... ಅದೂ...” ಎಂದು ಎಡಗೈಯನ್ನು ಗಾಳಿಯಲ್ಲಿ ಆಡಿಸಿ, ಯಾರೋ ತೆಗೆದಿಟ್ಟು ಮರೆತದ್ದನ್ನು ಹುಡುಕುವವರಂತೆ ಕೋಣೆಯನ್ನೆಲ್ಲ ನೋಡುತ್ತಿದ್ದರು. ಅವರಲ್ಲಿ ವಸ್ತುಗಳ ಹೆಸರುಗಳೇ ಅಳಿಸಿಹೋಗಿದ್ದವು.

ಅಂಥ ಒಂದು ಭಾನುವಾರದ ಸಂಜೆ ನಾನು ಅಲ್ಲಿದ್ದೆ. ತರಗತಿಯ ಹೊತ್ತು. ಮೇಷ್ಟ್ರು ಮೇಜಿನ ಮುಂದೆ ತಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿದೊಡನೆ ಅವರು ನಿಧಾನವಾಗಿ ಮುಖ ತಿರುಗಿಸಿ, ಇದ್ದಷ್ಟು ಶಕ್ತಿಯಿಂದ ಸೊಂಟ ಬಾಗಿಸಿ, ತಡವರಿಕೆಯಿಲ್ಲದೆ ಹೇಳಿದರು:

“ಸುಮಿಮಾಸೆನ್ ಗಾ... ಇತಾದಾಕೆಮಾಸೆನ್ ಕಾ.”

ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ, ತಮ್ಮಿಂದ ನಾನು ಪಡೆಯುವಂತಾಗಲಾರದೇ. ಸ್ವರದ ಏರಿಳಿತ ಸಹ ಎಳ್ಳಷ್ಟೂ ತಪ್ಪಿರಲಿಲ್ಲ. ಇಲ್ಲದಿದ್ದದ್ದು ಒಂದೇ. ಏನನ್ನು ಪಡೆಯುವುದು ಎಂಬುದು ಆ ವಾಕ್ಯದಲ್ಲಿ ಇರಲಿಲ್ಲ.

ನಾನು ಅಮ್ಮನಿಗೆ ಅರ್ಥ ಹೇಳಲು ಹೊರಟೆ. ಅವರು ಕೈಯಲ್ಲೇ ತಡೆದರು. ಅಷ್ಟು ವರ್ಷ ಬಾಗಿಲಲ್ಲಿ ನಿಂತವರಿಗೆ ನನ್ನ ಅನುವಾದದ ಅಗತ್ಯವಿರಲಿಲ್ಲ.

“ಅಂತೂ ಕೇಳಿದ್ರಲ್ಲ,” ಎಂದು ಅವರು ನಕ್ಕರು. ಹತ್ತಿರ ಬಂದರು. “ಏನು ಬೇಕು, ಹೇಳಿ.”

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಮತ್ತೆ ಅದೇ ವಾಕ್ಯವನ್ನು ಹೇಳಿದರು. ಅಮ್ಮ ನೀರು ತಂದರು, ಅವರು ತಲೆಯಾಡಿಸಿದರು. ಅಮ್ಮ ಶಾಲು ಹೊದಿಸಿದರು, ಅದೂ ಅಲ್ಲ. ಕಿಟಕಿ ಮುಚ್ಚಿದರು. ಅಲ್ಲ. ಬೇಕಾದದ್ದು ಏನೆಂದು ಆ ಹೊತ್ತಿನಲ್ಲಿ ಆ ಮನೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಳಗೆ ಡಿಕಾಕ್ಷನ್ ಇಳಿಯುತ್ತಿದ್ದ ವಾಸನೆ ನಮ್ಮವರೆಗೂ ಬರುತ್ತಿತ್ತು. ಆದರೂ ಅಮ್ಮ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂದು ತಂದು ಅವರ ಮುಂದಿಡುತ್ತಿದ್ದರು. ಹೆಸರು ಅವರ ಬಾಯಿಂದಲೇ ಬರಲೆಂದು.

ಪ್ರತಿ ಸಲ ತಪ್ಪಾದಾಗಲೂ ಮೇಷ್ಟ್ರ ಮಾತು ಇನ್ನಷ್ಟು ಉದ್ದವಾಯಿತು. ಕೇಳಿದ್ದು ಸಿಗದಿದ್ದರೆ ಇನ್ನೂ ಮರ್ಯಾದೆಯಿಂದ ಕೇಳಬೇಕು. ಅದು ಅವರು ನಮಗೆ ಹೇಳಿಕೊಟ್ಟಿದ್ದ ಕ್ರಮ. ಕಡೆಗೆ ಅವರು ‘ಇತಾದಾಕೆನಾಯ್ ದೆಶೋ ಕಾ’ ಎಂಬಲ್ಲಿಗೆ ಬಂದರು. ಕಿಟಕಿಯ ಮೇಲಿನ ಲೋಟಕ್ಕೆ ಹೇಳುವ ಮಾತು ಅದು.

ಅಮ್ಮನ ಮುಖದ ನಗು ಹೋಗಿತ್ತು.

“ಎಲ್ಲಿಗೆ ಹೋಗ್ತಾ ಇದ್ದೀರಿ ಇಷ್ಟು ದೂರ?” ಎಂದರು. “ನಾನು ಇಲ್ಲೇ ಇದೀನಲ್ಲ.”

ಚಿಕಿತ್ಸೆಯ ಯುವತಿ ಮರುದಿನ ಫೋನಿನಲ್ಲಿ ನನಗೆ ವಿವರಿಸಿದಳು. ಸಾವಿರ ಸಲ ಹೇಳಿ ಹೇಳಿ ಬಾಯಿಪಾಠವಾದ ಮಾತುಗಳು ಕೆಲವರಲ್ಲಿ ಹಾಗೆಯೇ ಉಳಿದುಬಿಡುತ್ತವೆ, ಹೆಸರುಗಳು ಮೊದಲು ಹೋಗುತ್ತವೆ ಎಂದಳು. ‘ಕಾಫಿ’ ಎಂಬುದನ್ನು ಮೇಷ್ಟ್ರು ಅದಕ್ಕಿಂತ ಹೆಚ್ಚು ಸಲ ಹೇಳಿದ್ದರಲ್ಲ ಎಂದು ನಾನು ಕೇಳಿದೆ. ಅವಳು ಮುಂದಿನ ಭೇಟಿಯ ದಿನವನ್ನು ಹೇಳಿ ಫೋನಿಟ್ಟಳು.

ಆ ವಾರದಿಂದ ಆ ಮನೆಯಲ್ಲಿ ಮತ್ತೆ ಸಂಜೆಯ ತರಗತಿ ಆರಂಭವಾಯಿತು. ಪಾಠ ಹೇಳುತ್ತಿದ್ದವರು ಅಮ್ಮ. ಅಡುಗೆಮನೆಯ ಬಾಗಿಲನ್ನು ಬಿಟ್ಟು ಬಂದು, ನಾವು ಕುಳಿತುಕೊಳ್ಳುತ್ತಿದ್ದ ಕುರ್ಚಿಯೊಂದನ್ನು ಎಳೆದು ಅವರೆದುರು ಕುಳಿತು, ಹೊಗೆಯಾಡುವ ಲೋಟವನ್ನು ನಡುವೆ ಇಡುತ್ತಿದ್ದರು.

“ಕಾಫಿ. ಅನ್ನಿ. ಕಾ... ಫಿ.”

ಮೇಷ್ಟ್ರು ಅಮ್ಮನ ತುಟಿಗಳನ್ನೇ ನೋಡುತ್ತಿದ್ದರು. ಹಿಂದೆ ಹೊಸ ಶಿಷ್ಯರು ಮೇಷ್ಟ್ರ ತುಟಿಗಳನ್ನು ನೋಡುತ್ತಿದ್ದ ಹಾಗೆಯೇ.

“ಕೊಡಿ ಅನ್ನಬೇಡಿ, ಏನೂ ಅನ್ನಬೇಡಿ. ಬರೀ ಕಾಫಿ. ಮುಂಚೆ ಅಂತಿದ್ರಲ್ಲ, ಆ ಕಡೆ ತಿರುಗಿಕೊಂಡು. ಹಾಗೇ ಅನ್ನಿ. ತಿರುಗಿಕೊಂಡೇ ಅನ್ನಿ ಬೇಕಾದ್ರೆ.”

“ಕ...” ಎಂದರು ಮೇಷ್ಟ್ರು. ಅವರ ಕೊರಳ ನರಗಳು ಉಬ್ಬಿದವು. ಆಮೇಲೆ ಆ ಅಕ್ಷರ ಎಲ್ಲಿಯೋ ಜಾರಿಹೋಯಿತು. “ಸುಮಿಮಾಸೆನ್,” ಎಂದು ತಲೆ ತಗ್ಗಿಸಿದರು.

“ಕ್ಷಮಾಪಣೆ ಯಾಕ್ರೀ ಕೇಳ್ತೀರಿ? ನಾನೇನು ಹೊರಗಿನವಳಾ?” ಎಂದು ಅಮ್ಮ ಮೇಜಿನ ಅಂಚನ್ನು ಹಿಡಿದುಕೊಂಡರು. ‘ಕಾಫಿ’ ಎಂಬ ಆ ಒಂದು ಮಾತಿಗಾಗಿ ಅವರು ಎಷ್ಟು ವರ್ಷ ಗಂಡನನ್ನು ಛೇಡಿಸಿದ್ದರು. ಈಗ ಅದೇ ಮಾತಿಗಾಗಿ ದಿನವೂ ಸಂಜೆ ಅವರೆದುರು ಕುಳಿತು ಬೇಡುತ್ತಿದ್ದರು. ಕಾಫಿ ಆರುತ್ತಿತ್ತು. ಒಳಗೆ ಹೋಗಿ ಬಿಸಿ ಮಾಡಿ ತರುತ್ತಿದ್ದರು. ಮತ್ತೆ ಪಾಠ.

ನಾನು ಮೇಷ್ಟ್ರನ್ನು ಕಡೆಯದಾಗಿ ಕಂಡದ್ದು ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ. ಅಂದು ಅಮ್ಮ ಪಾಠ ಹೇಳಲಿಲ್ಲ. ಕುರ್ಚಿಯಲ್ಲಿ ಕುಳಿತು, ಲೋಟವನ್ನು ಮೇಜಿನ ಮೇಲಿಡದೆ ನೇರವಾಗಿ ಗಂಡನ ಎಡಗೈಯಲ್ಲಿಟ್ಟು ಅದರ ಸುತ್ತ ಬೆರಳುಗಳನ್ನು ಮಡಚಿದರು. “ಕುಡೀರಿ,” ಎಂದರು.

ಮೇಷ್ಟ್ರು ಕುಡಿಯಲಿಲ್ಲ. ಲೋಟವನ್ನು ನೋಡಿದರು. ಆಮೇಲೆ ಆ ಒಂದು ಕೈಯಲ್ಲೇ ಅದನ್ನು ಎತ್ತತೊಡಗಿದರು. ಅಂಗಿಯ ತೋಳಿನ ಮೇಲೆ ಕಾಫಿ ತುಳುಕಿತು. ನಾನು ಹಿಡಿಯಲು ಏಳಹೊರಟಾಗ ಅಮ್ಮ, “ಇರಲಿ, ಬಿಡು,” ಎಂದರು. ಲೋಟ ಬಾಯಿಯನ್ನು ದಾಟಿ, ಕನ್ನಡಕವನ್ನು ದಾಟಿ, ಹಣೆಯವರೆಗೂ ಹೋಯಿತು. ಬಿಸಿ ಸ್ಟೀಲು ಚರ್ಮಕ್ಕೆ ತಾಗುವಂತೆ ಅವರು ಅದನ್ನು ಅಲ್ಲಿ ಒತ್ತಿ ಹಿಡಿದುಕೊಂಡರು. ಹೂವನ್ನು ಹಿಡಿದಂತೆ. ನಂತರ ಇಳಿಸಿ, ಕುಡಿದರು.

ಅಮ್ಮ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಹೊರಡುವಾಗ ನನ್ನನ್ನು ಗೇಟಿನವರೆಗೆ ಕಳುಹಿಸಲು ಬಂದವರು, “ನಾನೇ ಬಾಯಿಬಿಟ್ಟು ಕೇಳಿದ್ದೆನಲ್ಲಮ್ಮ, ಸಾಯೋದ್ರೊಳಗೆ ಒಂದು ಸಲ ಅಂತ,” ಎಂದರು. “ಕೇಳಿದ್ದು ಕೊಟ್ಟುಬಿಟ್ರು.” ಆಮೇಲೆ ಬಗ್ಗಿ, ನನ್ನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟರು.

ಎರಡನೆಯ ಸಲ ರಕ್ತನಾಳ ಕಟ್ಟಿದಾಗ ಮೇಷ್ಟ್ರಿಗೆ ಆಸ್ಪತ್ರೆಗೆ ಹೋಗುವಷ್ಟೂ ಸಮಯ ಸಿಗಲಿಲ್ಲ.

ವೈಕುಂಠ ಸಮಾರಾಧನೆಯೆಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಒಂದು ಸಂಜೆ ನಾನು ಒಬ್ಬಳೇ ಹೋದೆ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಯಲ್ಲಿಟ್ಟಿದ್ದರು. ಎರಡನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಹಲಗೆಯನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಏನೇನೋ ಸಾಂತ್ವನದ ಮಾತುಗಳನ್ನು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟು ಆ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕುಳಿತೆ.

ಅಮ್ಮ ಒಳಗಿನಿಂದ ಕಾಫಿ ತಂದರು. ನನ್ನ ಮುಂದಿಡಲಿಲ್ಲ. ಮೇಜಿನ ಆಚೆಯ ತುದಿಯಲ್ಲಿ, ಹಲಗೆಯ ಬಳಿ ಇಟ್ಟು, ತಾವು ಮೇಷ್ಟ್ರ ಕುರ್ಚಿಯಲ್ಲಿ ಕುಳಿತರು.

“ಕೇಳಮ್ಮ,” ಎಂದರು. “ಈ ಮನೇಲಿ ಯಾರೂ ಏನೂ ಕೇಳದೆ ಎಷ್ಟೋ ದಿನ ಆಯ್ತು.”

ನಾನು ಲೋಟವನ್ನು ನೋಡಿದೆ. ಅದು ಇದ್ದ ದೂರಕ್ಕೆ ತಕ್ಕ ಮಾತು ನನಗೆ ಕಂಠಪಾಠವಾಗಿತ್ತು. ಆದರೆ ಆ ಮಾತನ್ನು ಈ ಮನೆಯಲ್ಲಿ ಇನ್ನು ಯಾರಾದರೂ ಆಡಬಹುದೇ? ‘ಕುದಾಸಾಯ್’ ಎಂದರೆ ತರಗತಿಯಂತಾಗುತ್ತದೆ. ‘ದಯವಿಟ್ಟು ಕೊಡಿ’ ಎಂದರೆ ರಜಾ ಚೀಟಿ. ಅವರ ಹಾಗೆ ಬರೀ ‘ಕಾಫಿ’ ಎನ್ನಲು ನಾನು ಯಾರು? ಒಂದೊಂದನ್ನೂ ಎತ್ತಿ, ತೂಗಿ, ಕೆಳಗಿಟ್ಟೆ. ಅಮ್ಮ ಅವಸರಪಡಿಸಲಿಲ್ಲ. ಕಾಯುವುದು ಅವರಿಗೆ ಅಭ್ಯಾಸವಾಗಿತ್ತು.

“ಅಮ್ಮಾ,” ಎಂದೆ ಕಡೆಗೆ. “ಒಸಿ ಕಾಫಿ ಕೊಡೀಮ್ಮಾ.”

ಅಮ್ಮ ಕೈಚಾಚಿ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡು, ಅದರ ಹೊಟ್ಟೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು.

“ಆರಿಹೋಗಿದೆ ಕಣೇ,” ಎಂದರು. “ಇರು, ಬಿಸಿ ಮಾಡಿ ತರ್ತೀನಿ.”